ಎಲ್ಲರಿಗೂ ಎದುರಾಗಿ ಕೂತವನು

ಟೋಪಿಯಿಂದಲೇ ಶುರು ಮಾಡುತ್ತೇನೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಮೊದಲು ಆಟಗಾರ, ಆಮೇಲೆ ಮ್ಯಾನೇಜರ್ ಆದ ಬ್ರೂಸ್ ಬೋಚಿ ಅವರ ತಲೆಯ ಗಾತ್ರ ಬಲು ಪ್ರಸಿದ್ಧ. 1982ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡ ಸೇರಿದಾಗ ಅವರ ತಲೆಗೆ ಹಿಡಿಸುವ ಹೆಲ್ಮೆಟ್ ಅಲ್ಲಿರಲಿಲ್ಲ. ಕೆಳಹಂತದ ತಂಡದಲ್ಲಿ ಬಿಟ್ಟುಬಂದದ್ದನ್ನೇ ತರಿಸಬೇಕಾಯಿತು.

ಆಟಗಾರನಾಗಿ ಅವರದು ದೊಡ್ಡ ಹೆಸರೇನಲ್ಲ. 9 ಸೀಸನ್, 358 ಪಂದ್ಯ, 26 ಹೋಮ್‌ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ). ಅಲ್ಲಿ ಒಂದು ಸೀಸನ್ನಿಗೆ 162 ಪಂದ್ಯ. ನೀವೇ ಲೆಕ್ಕ ಹಾಕಿ, ಒಂಬತ್ತು ವರ್ಷದಲ್ಲಿ ಆಡಿದ್ದು ಎರಡೂಕಾಲು ವರ್ಷದಷ್ಟು. ಉಳಿದದ್ದೆಲ್ಲ ಬೆಂಚು. 1985ರ ಸೆಪ್ಟೆಂಬರ್ 11ರಂದು ಪೀಟ್ ರೋಸ್ 4,192ನೇ ಹಿಟ್ (ಚೆಂಡು ಹೊಡೆದು ಬೇಸ್ ತಲುಪುವುದು) ಹೊಡೆದು, ಅತಿ ಹೆಚ್ಚು ಹಿಟ್‌ಗಳ ಟೈ ಕಾಬ್ ದಾಖಲೆ ಮುರಿದಾಗ, ಅವರ ಬೆನ್ನ ಹಿಂದೆ ಗ್ಲೌಸ್ ಒಡ್ಡಿ ಕೂತಿದ್ದ ಕ್ಯಾಚರ್ ಈ ಬೋಚಿ!

ಕ್ಯಾಚರ್ ಅಂದರೆ ನಮ್ಮ ವಿಕೆಟ್ ಕೀಪರ್ ಅಂದುಕೊಂಡರೆ ಅರ್ಧ ಸರಿ. ಬೋಚಿ ಆಡುತ್ತಿದ್ದ ಕಾಲದಲ್ಲಿ ಕ್ಯಾಚರ್ ಕುಕ್ಕರುಗಾಲಲ್ಲಿ ಕೂತು, ತೊಡೆಗಳ ನಡುವೆ ಬೆರಳು ಆಡಿಸಿ, ಮುಂದಿನ ಎಸೆತ ಯಾವುದೆಂದು ಚೆಂಡು ಎಸೆಯುವ ಪಿಚರ್‌ಗೆ ಸನ್ನೆ ಮಾಡುತ್ತಿದ್ದ. ಈಗ ಅದಕ್ಕೂ ಗುಂಡಿ ಒತ್ತುವ ಯಂತ್ರ ಬಂದಿದೆ, ಬಿಡಿ. ಇಡೀ ಮೈದಾನಕ್ಕೆ ಎದುರಾಗಿ ಕೂರುವವನು ಅವನೊಬ್ಬನೇ. ಪಿಚರ್‌ನ ತೋಳು ಸೋತದ್ದು ಮೊದಲು ತಿಳಿಯುವುದೂ ಅವನ ಅಂಗೈಗೇ.

ಇನ್ನು ಮ್ಯಾನೇಜರ್. ನಮ್ಮಲ್ಲಿ ಟೀಮ್ ಮ್ಯಾನೇಜರ್ ಅಂದರೆ ಹೋಟೆಲು, ಬಸ್ಸು ನೋಡಿಕೊಳ್ಳುವವರು. ಅಲ್ಲಿ ಪಂದ್ಯ ನಡೆಸುವವರೇ ಅವರು. ಪಿಚರ್‌ನನ್ನು ಯಾವಾಗ ಬದಲಿಸಬೇಕು ಅನ್ನುವುದೇ ದೊಡ್ಡ ತಲೆನೋವು, ಯಾಕೆಂದರೆ ಒಮ್ಮೆ ಹೊರಗೆ ಕರೆದವನನ್ನು ಆ ಪಂದ್ಯಕ್ಕೆ ಮತ್ತೆ ಇಳಿಸುವಂತಿಲ್ಲ. ಅಂದರೆ ಪಿಚರ್‌ನ ದಣಿವು ಅಳೆಯುವ, ಕ್ಯಾಚರ್ ಮಾಡುತ್ತಿದ್ದ ಅದೇ ಕೆಲಸ.

ಬೋಚಿ 1995ರಲ್ಲಿ ಸ್ಯಾನ್ ಡಿಯಾಗೊ ಪಾಡ್ರೆಸ್ ಮ್ಯಾನೇಜರ್ ಆದರು. 1998ರ ವರ್ಲ್ಡ್ ಸೀರೀಸ್‌ನಲ್ಲಿ (ನಾಲ್ಕು ಪಂದ್ಯ ಮೊದಲು ಗೆದ್ದವರೇ ಚಾಂಪಿಯನ್ ಆಗುವ ಫೈನಲ್ ಸರಣಿ) ಯಾಂಕೀಸ್ ಎದುರು 4-0 ಸೋಲು. ಆ ಕಡೆಯ ಮ್ಯಾನೇಜರ್ ಜೋ ಟೋರಿ ಕೂಡ ಹಳೆಯ ಕ್ಯಾಚರ್. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್. 2010, 2012, 2014, ಮೂರು ಸಲ ಚಾಂಪಿಯನ್.

2014ರ ಅಕ್ಟೋಬರ್ 29, ಕ್ಯಾನ್ಸಸ್ ಸಿಟಿ. ವರ್ಲ್ಡ್ ಸೀರೀಸ್‌ನ ಏಳನೇ, ನಿರ್ಣಾಯಕ ಪಂದ್ಯ. ಬೇಸ್‌ಬಾಲ್ ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್, ಪ್ರತಿ ಇನ್ನಿಂಗ್ಸ್‌ನಲ್ಲಿ ಒಂದು ತಂಡದ ಮೂವರು ಔಟಾದರೆ ಅದರ ಸರದಿ ಮುಗಿಯಿತು. ಎದುರಾಳಿ ಮ್ಯಾನೇಜರ್ ನೆಡ್ ಯೋಸ್ಟ್, ಅವರೂ ಕ್ಯಾಚರೇ. ಬೋಚಿ ಎರಡನೇ ಇನ್ನಿಂಗ್ಸ್ ಮುಗಿಯುವ ಮೊದಲೇ ತಮ್ಮ ಪಿಚರ್ ಟಿಮ್ ಹಡ್ಸನ್‌ರನ್ನು ವಾಪಸು ಕರೆದರು. ಐದನೇ ಇನ್ನಿಂಗ್ಸ್‌ಗೆ ಮ್ಯಾಡಿಸನ್ ಬಮ್‌ಗಾರ್ನರ್ ಬಂದರು. ಮೂರು ದಿನದ ಹಿಂದಷ್ಟೇ 117 ಎಸೆತ ಎಸೆದಿದ್ದ ತೋಳು ಅದು. ಜೈಂಟ್ಸ್ 3-2ರಿಂದ ಮುಂದೆ. ಒಂಬತ್ತನೇ ಇನ್ನಿಂಗ್ಸ್, ಇಬ್ಬರು ಔಟ್. ಕ್ಯಾನ್ಸಸ್ ಸಿಟಿಯ ಅಲೆಕ್ಸ್ ಗಾರ್ಡನ್ ಹೊಡೆದ ಚೆಂಡು ಫೀಲ್ಡರುಗಳ ಕೈತಪ್ಪಿ ಗೋಡೆಯತ್ತ ಉರುಳಿತು, ಅವರು ಮೂರನೇ ಬೇಸ್ ತಲುಪಿದರು. ಅಲ್ಲಿಂದ ಕೊನೆಯ ಬೇಸ್ ಮುಟ್ಟಿದರೆ ಒಂದು ರನ್; ಸಮಬಲಕ್ಕೆ ಇನ್ನು 90 ಅಡಿ. ಆಗಲೂ ಬೋಚಿ ಪಿಚರ್‌ನನ್ನು ಬದಲಿಸಲಿಲ್ಲ. ಬ್ಯಾಟಿಗೆ ಬಂದವರು ಸಾಲ್ವಡಾರ್ ಪೆರೆಜ್ — ಕ್ಯಾಚರ್! ಚೆಂಡು ಮೇಲಕ್ಕೆ ಚಿಮ್ಮಿತು. ಜೈಂಟ್ಸ್‌ನ ಪಾಬ್ಲೊ ಸ್ಯಾಂಡೊವಲ್ ಹಿಡಿದು ಅಂಗಾತ ಬಿದ್ದುಬಿಟ್ಟರು. ಬಮ್‌ಗಾರ್ನರ್ ಅಂದು ಎಸೆದದ್ದು ಐದು ಇನ್ನಿಂಗ್ಸ್, 68 ಎಸೆತ.

2019ರಲ್ಲಿ ಜೈಂಟ್ಸ್ ಬಿಟ್ಟಾಗ ಬೋಚಿ ಅವರ ಒಟ್ಟು ಲೆಕ್ಕ ಹೀಗಿತ್ತು: ಲೀಗ್ ಪಂದ್ಯಗಳಲ್ಲಿ 2,003 ಗೆಲುವು, 2,029 ಸೋಲು. ಗೆದ್ದದ್ದಕ್ಕಿಂತ ಸೋತದ್ದೇ 26 ಹೆಚ್ಚು. ಹಾಗಿದ್ದೂ, 2022ರಲ್ಲಿ 94 ಪಂದ್ಯ ಸೋತು ಕಂಗೆಟ್ಟಿದ್ದ ಟೆಕ್ಸಸ್ ರೇಂಜರ್ಸ್ ಕರೆದದ್ದು ಇವರನ್ನೇ. ಮರುವರ್ಷವೇ ಆ ತಂಡ ತನ್ನ ಇತಿಹಾಸದ ಮೊದಲ ವರ್ಲ್ಡ್ ಸೀರೀಸ್ ಗೆದ್ದಿತು. ಬೋಚಿಗೆ ಆಗ 68 ವರ್ಷ.