ಮುರಿಯಲಿ ಬಿಡಿ

ಕೇಳುಗರಿಗೆಲ್ಲ ನಮಸ್ಕಾರ. ಮನೆಯಲ್ಲಿರುವ ಸಾಮಾನಿನಲ್ಲೇ ಮಕ್ಕಳು ಮಾಡಬಹುದಾದ ಎಂಜಿನಿಯರಿಂಗ್ ಸವಾಲುಗಳ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ಸಾಮಾನು ಅಂದರೆ ದೊಡ್ಡದೇನೂ ಬೇಡ. ಹಳೇ ಪೇಪರ್, ದಾರ, ರಟ್ಟು, ರಬ್ಬರ್ ಬ್ಯಾಂಡ್, ಟೇಪ್. ಇಷ್ಟಿದ್ದರೆ ಸೇತುವೆ ಕಟ್ಟಬಹುದು, ಗೋಪುರ ಎಬ್ಬಿಸಬಹುದು, ಓಡುವ ಗಾಡಿ ಮಾಡಬಹುದು. ಆದರೆ ನಾನು ಹೇಳಲು ಬಂದಿರುವುದು ಒಂದೇ ಮಾತು. ಅಪ್ಪ ಅಮ್ಮಂದಿರು, ಮೇಷ್ಟ್ರುಗಳು, ಸ್ವಲ್ಪ ಕಿವಿಗೊಡಿ. ಮಕ್ಕಳು ಕಟ್ಟಿದ್ದು ಮುರಿಯಲಿ ಬಿಡಿ.

ಕಟ್ಟಿ, ಬಣ್ಣ ಬಳಿದು, ಫೋಟೋ ತೆಗೆದು, ಶೋಕೇಸಿನಲ್ಲಿ ಇಟ್ಟರೆ ಅದು ಕೈಕೆಲಸ. ಚೆನ್ನಾಗಿಯೇ ಇರುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಅದರ ಮೇಲೆ ಭಾರ ಹೇರಿ, ಎಲ್ಲಿ ಸೋತಿತು ಅಂತ ನೋಡಿದಾಗಲೇ ಎಂಜಿನಿಯರಿಂಗ್ ಶುರುವಾಗುವುದು.

ಒಂದು ಶಾಲೆಯಲ್ಲಿ ಕಾಗದದ ಸೇತುವೆ ಸ್ಪರ್ಧೆ ಇತ್ತು. ತೀರ್ಪು ಕೊಡಲು ನನ್ನನ್ನು ಕರೆದಿದ್ದರು. ಒಬ್ಬೊಬ್ಬರಿಗೆ ಒಂದು ಎ4 ಹಾಳೆ. ಪುಸ್ತಕದ ಎರಡು ಗುಡ್ಡೆ, ನಡುವೆ 20 ಸೆಂಟಿಮೀಟರ್ ಅಂತರ. ಗೋಂದು ಇಲ್ಲ, ಟೇಪ್ ಇಲ್ಲ. ಸೇತುವೆಯ ಮೇಲೆ ಒಂದೊಂದೇ ನಾಣ್ಯ ಇಡುತ್ತಾ ಹೋಗಬೇಕು. ಹಾಳೆಯನ್ನು ಸುಮ್ನೆ ಅಡ್ಡ ಇಟ್ಟರೆ ಜೋತುಬಿದ್ದು ನಾಣ್ಯದ ಸಮೇತ ಕೆಳಗೆ ಜಾರುತ್ತದೆ. ಅದರ ದಪ್ಪ ಒಂದು ಮಿಲಿಮೀಟರಿನಲ್ಲಿ ಸುಮಾರು ಹತ್ತನೇ ಒಂದು ಭಾಗ, ಇನ್ನೇನಾದೀತು?

ಒಬ್ಬ ಹುಡುಗಿ, ಆರನೇ ಕ್ಲಾಸ್ ಇರಬೇಕು, ಹಾಳೆಯನ್ನು ಬೀಸಣಿಗೆಯ ಹಾಗೆ ಮಡಿಸಿದಳು. ಹಿಂದೊಂದು ಮುಂದೊಂದು, ಪ್ರತಿ ಮಡಿಕೆಯನ್ನೂ ಉಗುರಿನಿಂದ ಉಜ್ಜಿ ಉಜ್ಜಿ. ಅದೇ ಹಾಳೆ, ಅದೇ ತೂಕ. ಆದರೆ ಈಗ ಅದಕ್ಕೆ ಎತ್ತರ ಬಂತು. ಬಾಗದಂತೆ ಹಿಡಿಯುವುದು ಈ ಎತ್ತರವೇ. ತೊಲೆಯ ಅಗಲ ಅಷ್ಟೇ ಇದ್ದು ಎತ್ತರ ಎರಡು ಪಟ್ಟಾದರೆ ಅದರ ಬಿಗಿ, ಅಂದರೆ ಬಾಗದೆ ತಡೆಯುವ ಶಕ್ತಿ, ಎಂಟು ಪಟ್ಟಾಗುತ್ತದೆ. ನಂಬಿಕೆ ಇಲ್ಲದಿದ್ದರೆ ಒಂದು ಸ್ಕೇಲ್ ತಗೊಳ್ಳಿ. ಮಲಗಿಸಿ ಒತ್ತಿದರೆ ಬಾಗುತ್ತದೆ. ಅಂಚಿನ ಮೇಲೆ ನಿಲ್ಲಿಸಿ ಒತ್ತಿ, ಜಪ್ಪಯ್ಯ ಅಂದರೂ ಬಗ್ಗುವುದಿಲ್ಲ.

ನಾಣ್ಯಗಳು ಏರುತ್ತಾ ಹೋದವು. ಪಕ್ಕದಲ್ಲಿ ಅವಳಪ್ಪ ನಿಂತಿದ್ದರು. "ಸಾಕು ಪುಟ್ಟಿ, ಇನ್ನು ಇಡಬೇಡ, ಬಿದ್ದುಹೋಗುತ್ತೆ" ಅಂದರು. ಅವಳು ನನ್ನ ಕಡೆ ನೋಡಿದಳು. "ಇಡಮ್ಮ" ಅಂದೆ. ಆಗ ಅವರ ಮುಖ ನೋಡಬೇಕಿತ್ತು! ಇನ್ನೂ ಒಂದಷ್ಟು ನಾಣ್ಯ ಇಟ್ಟಳು. ಆಮೇಲೆ ಝಲ್ಲೆಂದು ಎಲ್ಲವೂ ನೆಲಕ್ಕೆ. "ನಾನು ಹೇಳಿರಲಿಲ್ವಾ?" ಅಂದರು ಅಪ್ಪ.

ಅವಳಿಗೆ ಅದು ಕೇಳಿಸಲೇ ಇಲ್ಲ. ಕುಕ್ಕರಗಾಲಲ್ಲಿ ಕೂತು ಹಾಳೆ ಎತ್ತಿಕೊಂಡಳು, ತಿರುಗಿಸಿ ತಿರುಗಿಸಿ ನೋಡಿದಳು. "ಸಾರ್, ಇದು ಎಲ್ಲೂ ಮುರಿದಿಲ್ಲ. ಹರಡಿಕೊಂಡಿದೆ ಅಷ್ಟೇ." ನೋಡಿ, ಇದು ನೋಟ! ಭಾರ ಬಿದ್ದಾಗ ಮಡಿಕೆಗಳು ಅಕ್ಕಪಕ್ಕಕ್ಕೆ ಸರಿದು ಚಪ್ಪಟೆಯಾಗಿದ್ದವು. ಎತ್ತರ ಹೋಯಿತು, ಬಲವೂ ಹೋಯಿತು. ಹಾಳೆಯ ಉದ್ದ 30 ಸೆಂಟಿಮೀಟರ್ ಹತ್ತಿರ, ಅಂತರ 20. ತುದಿಯಲ್ಲಿ ಮಿಕ್ಕಿದ್ದರಿಂದ ಎರಡು ಪಟ್ಟಿ ಹರಿದಳು. ಮಡಿಕೆ ಬಿಚ್ಚಿಕೊಳ್ಳದ ಹಾಗೆ ಸೇತುವೆಗೆ ಎರಡು ಕಡೆ ಸುತ್ತಿ, ಪಟ್ಟಿಯ ತುದಿಯನ್ನು ಒಳಗೆ ಸಿಕ್ಕಿಸಿದಳು. ಈ ಸಲ ಮೊದಲಿಗಿಂತ ಎಷ್ಟೋ ಜಾಸ್ತಿ ನಾಣ್ಯ ನಿಂತವು. "ಸಾಕು" ಅಂದಾಗಲೇ ನಿಲ್ಲಿಸಿದ್ದರೆ ಅವಳಿಗೆ ಈ ಪಟ್ಟಿ ಹೊಳೆಯುತ್ತಿತ್ತೇ? ಅದಕ್ಕೇ ಹೇಳುವುದು, ಮುರಿಯಲಿ ಬಿಡಿ ಅಂತ.

ಸ್ಟುಡಿಯೋದ ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಈ ಕಥೆ ಶುರುವಾದರೆ ನನಗೆ ನಿಲ್ಲಿಸಲು ಬರುವುದಿಲ್ಲ. ಉಳಿದದ್ದು ಬೇಗ ಹೇಳುತ್ತೇನೆ.

ರಟ್ಟಿನ ನಾಲ್ಕು ಪಟ್ಟಿಗಳ ಮೂಲೆಗೆ ಪಿನ್ ಚುಚ್ಚಿ ಚೌಕ ಮಾಡಿಸಿ. ತಳ್ಳಿದರೆ ವಾಲುತ್ತದೆ. ಮೂಲೆಯಿಂದ ಮೂಲೆಗೆ ಇನ್ನೊಂದು ಪಟ್ಟಿ ಹಾಕಿದರೆ ಎರಡು ತ್ರಿಕೋನ ಆಗಿ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಆ ಐದನೇ ಪಟ್ಟಿಯನ್ನು ನೀವೇ ಮೊದಲು ಕೊಟ್ಟುಬಿಡಬೇಡಿ ಮಾರಾಯ್ರೇ. ಅದು ವಾಲುವುದನ್ನು ಮಗು ತನ್ನ ಕೈಯಾರೆ ನೋಡಲಿ. ರಬ್ಬರ್ ಬ್ಯಾಂಡ್ ಗಾಡಿಯೂ ಅಷ್ಟೇ. ಚಕ್ರ ನಿಂತಲ್ಲೇ ಗಿರ್ರನೆ ತಿರುಗಿ ಗಾಡಿ ಕದಲುವುದಿಲ್ಲ. ಚಕ್ರಕ್ಕೆ ನೆಲದ ಹಿಡಿತ ಬೇಕು, ಬಲೂನಿನ ತುಂಡು ಸುತ್ತಿದರೆ ಆಯಿತು. ಮೊಟ್ಟೆಯನ್ನು ಒಡೆಯದ ಹಾಗೆ ಮೇಲಿನಿಂದ ಬೀಳಿಸುವ ಸವಾಲಿನಲ್ಲಿ ಕೈಹಿಡಿಯುವುದು ನಿಧಾನ. ನಿಲ್ಲಲು ಜಾಸ್ತಿ ಹೊತ್ತು ಸಿಕ್ಕರೆ ಪೆಟ್ಟು ಕಡಿಮೆ. ಮೊಟ್ಟೆ ಒಡೆದ ಮೇಲೆ ಇದನ್ನು ಹೇಳಿ, ಮೊದಲೇ ಬೇಡ.

ಇದೆಲ್ಲ ಮಕ್ಕಳಾಟ ಅನ್ನುವವರಿಗೆ ಒಂದು ಮಾತು. 1901ರಲ್ಲಿ ರೈಟ್ ಸಹೋದರರ ಗ್ಲೈಡರಿಗೆ, ಅಂದರೆ ಎಂಜಿನ್ ಇಲ್ಲದ ವಿಮಾನಕ್ಕೆ, ಅಂದುಕೊಂಡಷ್ಟು ಮೇಲಕ್ಕೆತ್ತುವ ಬಲ ಸಿಗಲಿಲ್ಲ. ಅವರು ಮನೆಗೆ ಬಂದು ಆರು ಅಡಿ ಉದ್ದದ ಮರದ ಪೆಟ್ಟಿಗೆ ಮಾಡಿ, ಒಂದು ತುದಿಗೆ ಫ್ಯಾನ್ ಇಟ್ಟರು. ಒಳಗೆ ಗಾಳಿಯ ಬಲ ಅಳೆಯುವ ತಕ್ಕಡಿ ಮಾಡಿದ್ದು ಹಳೇ ಗರಗಸದ ಬ್ಲೇಡು, ಸೈಕಲ್ ಕಡ್ಡಿಗಳಿಂದ. ಸುಮಾರು 200 ಬಗೆಯ ಪುಟ್ಟ ರೆಕ್ಕೆಗಳನ್ನು ಅದರಲ್ಲಿಟ್ಟು ನೋಡಿದರು. ಅವರ ವಿಮಾನ ಹಾರಿದ್ದು 1903ರ ಡಿಸೆಂಬರಿನಲ್ಲಿ.

ಈ ಭಾನುವಾರ ಮಕ್ಕಳಿಗೆ ಒಂದು ಹಾಳೆ, ಒಂದು ಹಿಡಿ ನಾಣ್ಯ ಕೊಡಿ. ನೀವು ಕೈಕಟ್ಟಿ ಕೂತುಕೊಳ್ಳಿ. ಕಷ್ಟ, ಗೊತ್ತು. ಬಿದ್ದ ಮೇಲೆ "ಮೊದಲು ಯಾವ ಜಾಗ ಸೋತಿತು?" ಅಂತ ಕೇಳಿ, ಅಷ್ಟೇ ಕೇಳಿ. ಹಾಂ, ಕೆಳಗೊಂದು ಟವೆಲ್ ಹಾಸಿರಿ, ಇಲ್ಲದಿದ್ದರೆ ನಾಣ್ಯಗಳನ್ನು ಬೀರುವಿನ ಕೆಳಗೆ ಹುಡುಕಬೇಕಾಗುತ್ತದೆ. ನಮಸ್ಕಾರ.