ಹೊಸ ಕ್ಲಚ್ ಪ್ಲೇಟ್ ಹಾಕಿದ್ರೂ ಜೀಪಿನ ರಿವರ್ಸ್ ಗೇರ್ ಯಾಕೆ ಕರ್ರ್ ಅನ್ನುತ್ತೆ?

[ಶೆಡ್ಡಿನೊಳಗೆ ಹಳೇ ಫೋರ್ ವೀಲ್ ಡ್ರೈವ್ ಡೀಸೆಲ್ ಜೀಪು. ಸೀಟು, ಫ್ಲೋರ್ ಪ್ಲೇಟು ಬಿಚ್ಚಿದೆ. ಗೇರಿನ ಶಬ್ದ.]

ಕೇಳಿಸ್ತಲ್ಲ? ಪ್ಲೇಟು ಹೊಸದು, ಪ್ರೆಶರ್ ಪ್ಲೇಟೂ ಹೊಸದು. ಕ್ಲಚ್ ಪೂರ್ತಿ ತುಳಿದೇ ರಿವರ್ಸ್‌ಗೆ ಹಾಕಿದ್ದು. ಆದ್ರೂ ಕರ್ರ್! ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಬರೋ ಪ್ರಶ್ನೆ ಒಂದೇ: ಗೇರ್‌ಬಾಕ್ಸ್ ಇಳಿಸಿ ಎಲ್ಲಾ ಬದಲಾಯಿಸಿ ಆಯ್ತು ಮಾರಾಯ್ರೆ, ಮತ್ತೆ ಯಾಕೆ ಹೀಗೆ?

ಪಾಠ ಚುಟುಕಾಗಿ ಮುಗಿಸೋಣ. ಎಂಜಿನ್ ಹಿಂದೆ ಫ್ಲೈವೀಲು, ಅಂದ್ರೆ ಎಂಜಿನ್ ಜೊತೆಗೇ ತಿರುಗೋ ಭಾರದ ಚಕ್ರ. ಅದಕ್ಕೆ ಪ್ರೆಶರ್ ಪ್ಲೇಟು ಬೋಲ್ಟ್ ಆಗಿರುತ್ತೆ. ಎರಡರ ಮಧ್ಯೆ ಕ್ಲಚ್ ಪ್ಲೇಟು, ಅದರ ಹಲ್ಲಿನೊಳಗೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟು. ಪೆಡಲ್ ತುಳಿದ್ರೆ ಪ್ಲೇಟು ಬಿಡುಗಡೆ, ಶಾಫ್ಟು ನಿಲ್ಲಬೇಕು. ನಿಲ್ಲದಿದ್ರೆ ಮೊದಲು ಗೊತ್ತಾಗೋದು ರಿವರ್ಸಿನಲ್ಲಿ, ಯಾಕಂದ್ರೆ ಈ ಹಳೇ ಗೇರ್‌ಬಾಕ್ಸುಗಳಲ್ಲಿ ರಿವರ್ಸ್‌ಗೆ ಸಿಂಕ್ರೋ, ಅಂದ್ರೆ ಗೇರ್ ಬೀಳೋ ಮೊದಲು ವೇಗ ಹೊಂದಿಸೋ ಭಾಗ, ಇರಲ್ಲ.

ಹಾಗಾದ್ರೆ ಶಾಫ್ಟನ್ನ ತಿರುಗಿಸ್ತಾ ಇರೋದು ಯಾರು?

[ಕ್ಲೋಸ್ ಅಪ್: ಅಂಗೈ ಮೇಲೆ ಕಂಚಿನ ಬುಷ್]

ಇವನು. ಪೈಲಟ್ ಬುಷ್. ಕ್ರ್ಯಾಂಕು ಅಂದ್ರೆ ಎಂಜಿನ್ನಿನ ಮುಖ್ಯ ತಿರುಗೋ ಶಾಫ್ಟು. ಅದರ ತುದಿಯಲ್ಲಿ ಒಂದು ತೂತು, ಅದರೊಳಗೆ ಈ ಬುಷ್ಷು, ಬುಷ್ಷಿನೊಳಗೆ ಇನ್‌ಪುಟ್ ಶಾಫ್ಟಿನ ಮೂತಿ. ಬೀಸೋಕಲ್ಲಿನ ನಡುವಿನ ಗೂಟ ನೆನಪಿಸಿಕೊಳ್ಳಿ. ಮೇಲಿನ ಕಲ್ಲು ಆಚೀಚೆ ಜಾರದ ಹಾಗೆ ಹಿಡಿಯೋದು ಅದೊಂದೇ. ಗೂಟ ಸವೆದ್ರೆ ಕಲ್ಲು ಓಲಾಡುತ್ತೆ, ಬಿಗಿಯಾದ್ರೆ ಎರಡು ಕಲ್ಲೂ ಒಟ್ಟಿಗೇ ತಿರುಗುತ್ತೆ.

ನಮಗೆ ಭಾರಿ ಇಷ್ಟವಾದ ವಿಷಯ ಏನು ಅಂದ್ರೆ, ಗಾಡಿ ಓಡ್ತಾ ಇರುವಾಗ ಈ ಬುಷ್ಷಿಗೆ ಉಜ್ಜೋ ಕೆಲಸವೇ ಇಲ್ಲ. ಕ್ಲಚ್ ಹಿಡಿದಿರುವಾಗ ಕ್ರ್ಯಾಂಕೂ ಶಾಫ್ಟೂ ಒಂದೇ ವೇಗದಲ್ಲಿ ತಿರುಗ್ತವೆ, ಒಳಗೆ ಉಜ್ಜಾಟ ಇಲ್ಲ. ನೀವು ಪೆಡಲ್ ತುಳಿದಾಗ ಮಾತ್ರ ಉಜ್ಜಾಟ ಶುರು. ಅಂದ್ರೆ ಕಿಲೋಮೀಟರ್ ಎಷ್ಟು ಓಡಿದೆ ಅನ್ನೋದಕ್ಕಿಂತ, ಪೆಡಲ್ ಮೇಲೆ ಎಷ್ಟು ಹೊತ್ತು ಕಾಲಿಟ್ಟಿದ್ರಿ ಅನ್ನೋದರ ಲೆಕ್ಕ ಇದು. ಕೊಡಚಾದ್ರಿ ಹತ್ತೋ ಜೀಪಿಗೂ ಶಿವಮೊಗ್ಗ ಹೈವೇಲಿ ಓಡೋ ಜೀಪಿಗೂ ವ್ಯತ್ಯಾಸ ಇಲ್ಲೇ. ಬುಷ್ ಒಣಗಿ ಶಾಫ್ಟನ್ನ ಕಚ್ಚಿದ್ರೆ, ಕ್ಲಚ್ ಎಷ್ಟೇ ತುಳೀರಿ, ಕ್ರ್ಯಾಂಕು ಶಾಫ್ಟನ್ನ ಎಳ್ಕೊಂಡೇ ತಿರುಗುತ್ತೆ. ಪ್ಲೇಟು ಹೊಸದಾದ್ರೆ ಏನು, ಹಳೇದಾದ್ರೆ ಏನು!

ಗೇರ್‌ಬಾಕ್ಸ್ ಬಿಚ್ಚೋ ಮೊದಲೇ ಪರೀಕ್ಷೆ ಮಾಡಿ. ನ್ಯೂಟ್ರಲ್‌ನಲ್ಲಿ ಪೆಡಲನ್ನ ಸುಮ್ನೆ ಮುಟ್ಟಿದ ಕೂಡಲೇ ಸದ್ದು ಶುರುವಾದ್ರೆ ರಿಲೀಸ್ ಬೇರಿಂಗ್ (ಪೆಡಲ್ ತುಳಿದಾಗ ಪ್ರೆಶರ್ ಪ್ಲೇಟನ್ನ ಒತ್ತೋ ಬೇರಿಂಗ್) ಕಡೆ ನೋಡಿ. ಗಾಡಿ ನಿಂತಿದೆ, ಗೇರ್ ಬಿದ್ದಿದೆ, ಪೆಡಲ್ ಪೂರ್ತಿ ಒಳಗಿದೆ, ಆಗ ಕಿರ್ ಅಂದ್ರೆ ಪೈಲಟ್ ಮೇಲೆ ಅನುಮಾನ. ಗೇರ್ ಬಿದ್ದಾಗ ಶಾಫ್ಟು ಪೂರ್ತಿ ನಿಂತು ಕ್ರ್ಯಾಂಕು ಮಾತ್ರ ತಿರುಗುತ್ತಲ್ಲ, ಅದಕ್ಕೇ.

ಈಗ ಇಳಿಸೋಣ. ಬ್ಯಾಟರಿ ತಂತಿ ತೆಗೀರಿ, ಗೇರ್ ಆಯಿಲ್ ಇಳಿಸಿ, ಲಿವರುಗಳು, ಸ್ಪೀಡೋ ಕೇಬಲ್ಲು, ಕ್ಲಚ್ ಲಿಂಕೇಜು ಕಳಚಿ. ಚಕ್ರಗಳ ಕಡೆಗೆ ಶಕ್ತಿ ಒಯ್ಯೋ ಪ್ರೊಪೆಲ್ಲರ್ ಶಾಫ್ಟುಗಳಿಗೆ ಕೈ ಹಾಕೋ ಮುಂಚೆ ಒಂದು ನಿಮಿಷ ನಿಲ್ಲಿ. ಹಳೇ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕಿನ ಡ್ರಮ್ಮು ಚಕ್ರದಲ್ಲಿರಲ್ಲ, ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚೋ ಪೆಟ್ಟಿಗೆಯ) ಹಿಂದೆ ಇರುತ್ತೆ. ಹಿಂದಿನ ಶಾಫ್ಟ್ ಕಳಚಿದ್ರೋ, ಹ್ಯಾಂಡ್‌ಬ್ರೇಕ್ ಎಳೆದಿದ್ರೂ ಇಲ್ಲದ ಹಾಗೆ. ಗೇರಲ್ಲಿ ನಿಲ್ಲಿಸಿದ್ದೂ ಲೆಕ್ಕಕ್ಕಿಲ್ಲ. ನಮ್ಮ ಕಡೆ ಸಮತಟ್ಟು ಅಂಗಳ ಎಷ್ಟು ಮನೇಲಿದೆ ಹೇಳಿ? ನಾಲ್ಕೂ ಚಕ್ರಕ್ಕೆ ಎರಡೂ ಬದಿ ಅಡೆ ಕೊಡಿ. ಚಾಸಿಸ್ ಕೆಳಗೆ ಜಾಕ್ ಸ್ಟ್ಯಾಂಡ್ ಇರಲಿ, ಜಂಬಿಟ್ಟಿಗೆ ಕಲ್ಲು ಪೇರಿಸಬೇಡಿ, ಪುಡಿಯಾಗುತ್ತೆ.

ಗೇರ್‌ಬಾಕ್ಸು, ಟ್ರಾನ್ಸ್‌ಫರ್ ಕೇಸು ಎರಡೂ ಎರಕದ ಕಬ್ಬಿಣ. ಎದೆ ಮೇಲೆ ಇಳಿಸ್ಕೊಳ್ಳೋ ಪೌರುಷ ಬೇಡ. ಫ್ಲೋರ್ ಪ್ಲೇಟ್ ಬಿಚ್ಚಿರೋದರಿಂದ ಮೇಲಿಂದ ಚೈನ್ ಬ್ಲಾಕ್ ಕಟ್ಟಬಹುದು. ಗಟ್ಟಿ ಕಬ್ಬಿಣದ ತೊಲೆ ಇರಲಿ, ಅಡಿಕೆ ಮರ ಬೇಡವೇ ಬೇಡ. ಹೊರಗೆ ಗಟ್ಟಿ ಕಂಡ್ರೂ ಒಳಗೆ ಬರೀ ಮೆತ್ತನೆ ತಿರುಳು. ಎಂಜಿನ್ ಹಿಂಭಾಗಕ್ಕೂ ಆಸರೆ ಕೊಡಿ, ಇಲ್ಲಾಂದ್ರೆ ವಾಲುತ್ತೆ. ಬೆಲ್ ಹೌಸಿಂಗಿನ (ಕ್ಲಚ್ ಸುತ್ತಲಿನ ಕವಚದ) ಧೂಳನ್ನ ಕಂಪ್ರೆಸರ್ ಗಾಳಿ ಹಾಕಿ ಊದಬೇಡಿ. ಹಳೇ ಪ್ಲೇಟಿನಲ್ಲಿ ಆಸ್‌ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

[ಕ್ಲೋಸ್ ಅಪ್: ಫ್ಲೈವೀಲ್ ನಡುವಿನ ತೂತು]

ಬುಷ್ ಕೀಳೋದು ಹೇಗೆ? ಹಿಂದೆ ಮುಚ್ಚಿದ ತೂತು, ಪುಲ್ಲರ್ ಎಲ್ಲರ ಮನೇಲೂ ಇರಲ್ಲ. ನ್ಯೂಸ್‌ಪೇಪರ್ ನೀರಲ್ಲಿ ನೆನೆಸಿ ಮುದ್ದೆ ಮಾಡಿ. ಬುಷ್ಷಿನ ತೂತಿಗೆ ತುಂಬಿ, ಸಡಿಲವಿಲ್ಲದೆ ಕೂರೋ ಒಂದು ರಾಡ್ ಇಟ್ಟು ಸುತ್ತಿಗೆಯಲ್ಲಿ ಹೊಡೀರಿ. ಮತ್ತೆ ತುಂಬಿ, ಮತ್ತೆ ಹೊಡೀರಿ. ಕಾಗದಕ್ಕೆ ಹೋಗೋಕೆ ಜಾಗ ಇಲ್ಲ, ಬುಷ್ಷಿನ ಬೆನ್ನು ಸೇರಿ ಅದನ್ನ ಈಚೆ ತಳ್ಳುತ್ತೆ. ಗ್ರೀಸಿನಲ್ಲೂ ಆಗುತ್ತೆ, ಆದ್ರೆ ಮುಖಕ್ಕೆ ಚಿಮ್ಮುತ್ತೆ. ಎರಡಕ್ಕೂ ಕನ್ನಡಕ ಹಾಕ್ಕೊಳ್ಳಿ.

ಹೊಸ ಬುಷ್ಷನ್ನ ಹಾಗೇ ತುರುಕಬೇಡಿ. ಈ ಕಂಚಿನ ಮೈಯಲ್ಲಿ ಸೂಕ್ಷ್ಮ ರಂಧ್ರಗಳಿರುತ್ತೆ. ಕೆಳಗಿನ ಬಾಯಿಗೆ ಬೆರಳೊತ್ತಿ, ಎಂಜಿನ್ ಆಯಿಲ್ ತುಂಬಿ, ಮೇಲೆ ಹೆಬ್ಬೆರಳು ಇಟ್ಟು ಬಲವಾಗಿ ಹಿಂಡಿ. ನೋಡಿ, ಹೊರಮೈಯಲ್ಲಿ ಎಣ್ಣೆ ಬೆವರಿನ ಹನಿ ಹನಿ! ಇದೇ ಅದಕ್ಕೆ ಜೀವಮಾನದ ಎಣ್ಣೆ. ಗ್ರೀಸ್ ಮೆತ್ತಿದ್ರೆ ರಂಧ್ರ ಮುಚ್ಚಿಹೋಗುತ್ತೆ. ಕೆಲವು ಎಂಜಿನ್‌ಗಳಲ್ಲಿ ಬುಷ್ ಬದಲು ಬೇರಿಂಗ್ ಇರುತ್ತೆ. ಸೂಜಿ ಬೇರಿಂಗ್ ಆದ್ರೆ ಅದಕ್ಕೆ ಸ್ವಲ್ಪ ಗ್ರೀಸ್ ಬೇಕು. ಬಡಿದು ಕೂರಿಸಿದಾಗ ಬುಷ್ಷಿನ ಒಳಸುತ್ತು ಕೊಂಚ ಕಿರಿದಾಗುತ್ತೆ. ಹಳೇ ಇನ್‌ಪುಟ್ ಶಾಫ್ಟ್ ತೂರಿಸಿ ಕೈಯಲ್ಲೇ ಸಲೀಸಾಗಿ ತಿರುಗುತ್ತಾ ನೋಡಿ.

ಬುಷ್ಷಿನ ಮೇಲೇ ಅರ್ಧ ವಿಡಿಯೋ ಮುಗೀತು, ಉಳಿದಿದ್ದು ಬೇಗ ಬೇಗ.

ಫ್ಲೈವೀಲಿನಲ್ಲಿ ನೀಲಿ ಕಲೆ, ಗೀರು ಇದ್ರೆ ಲೇತಿಗೆ ಕೊಡಿ. ಬಿರುಕಿದ್ರೆ ಬದಲಾಯಿಸಿ. ಎಂಜಿನ್ ಆಯಿಲ್ ಅಥವಾ ಗೇರ್ ಆಯಿಲ್ ಜಿನುಗಿದ ಗುರುತಿದ್ರೆ ಈಗಲೇ ಸೀಲ್ ಹಾಕಿ. ಅಂಗಡಿಗೆ ಹಳೇ ಪ್ಲೇಟನ್ನೇ ಹೊತ್ಕೊಂಡು ಹೋಗಿ, ಸುತ್ತಳತೆಯೂ ಹಲ್ಲಿನ ಲೆಕ್ಕವೂ ತಾಳೆ ನೋಡಿ. ನಮ್ಮ ಕಡೆಯ ಎಷ್ಟೋ ಜೀಪಿನಲ್ಲಿ ಆರ್‌ಸಿಯಲ್ಲಿರೋ ಎಂಜಿನ್ನೇ ಬೇರೆ, ಬಾನೆಟ್ ಕೆಳಗಿರೋದೇ ಬೇರೆ.

ಪ್ಲೇಟನ್ನ ಉಲ್ಟಾ ಹಾಕಿದ್ರೂ ಇದೇ ಕರ್ರ್. ಹಬ್ಬು, ಅಂದ್ರೆ ಪ್ಲೇಟಿನ ನಡುಭಾಗ, ಫ್ಲೈವೀಲಿನ ಬೋಲ್ಟಿಗೆ ತಾಗುತ್ತೆ. ಫ್ಲೈವೀಲ್ ಸೈಡ್ ಅನ್ನೋ ಗುರುತು ಹುಡುಕಿ. ಇಲ್ಲದಿದ್ರೆ ಸಾಮಾನ್ಯವಾಗಿ ಸ್ಪ್ರಿಂಗ್ ಉಬ್ಬಿರೋ ಕಡೆ ಗೇರ್‌ಬಾಕ್ಸಿಗೆ ಮುಖ ಮಾಡಿರುತ್ತೆ. ಹಳೇ ಇನ್‌ಪುಟ್ ಶಾಫ್ಟಿನಿಂದಲೇ ನಡು ಹೊಂದಿಸಿ, ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನ ಎದುರು ಬದುರಾಗಿ ಅರ್ಧರ್ಧ ಸುತ್ತು ಬಿಗೀರಿ. ಶಾಫ್ಟಿನ ಹಲ್ಲಿಗೆ ತೆಳ್ಳಗೆ ಗ್ರೀಸ್ ಸವರಿ. ಜಾಸ್ತಿಯಾದ್ರೆ ಎರಚಿ ಪ್ಲೇಟಿಗೇ ಹೋಗುತ್ತೆ. ರಿಲೀಸ್ ಬೇರಿಂಗನ್ನ ಡೀಸೆಲಲ್ಲಿ ತೊಳೆಯೋ ಚಾಳಿ ಬಿಡಿ, ಒಳಗಿನ ಗ್ರೀಸೇ ಹೋಗುತ್ತೆ.

ಏರಿಸುವಾಗ ಗೇರ್‌ಬಾಕ್ಸಿನ ಭಾರ ಒಂದು ಕ್ಷಣಕ್ಕೂ ಪ್ಲೇಟಿನ ಹಬ್ಬಿನ ಮೇಲೆ ನೇತಾಡಬಾರದು. ಪ್ಲೇಟು ಬಾಗಿದ್ರೆ ಹೊಸದೂ ಹಾಳು, ಮತ್ತೆ ಅದೇ ಕರ್ರ್. ಕೂರ್ತಿಲ್ಲ ಅಂತ ಬೋಲ್ಟ್ ಬಿಗಿದು ಎಳೆದ್ರೆ ಹೌಸಿಂಗಿನ ಕಿವಿ ಸೀಳುತ್ತೆ. ಗೇರಿಗೆ ಹಾಕಿ, ಹಿಂದಿನ ಯೋಕನ್ನ (ಪ್ರೊಪೆಲ್ಲರ್ ಶಾಫ್ಟ್ ಸೇರೋ ತುದಿಯನ್ನ) ಕೈಯಲ್ಲಿ ತುಸು ತಿರುಗಿಸಿ, ಹಲ್ಲು ಸಿಕ್ಕಿದ ಕೂಡಲೇ ಜಾರಿ ಕೂರುತ್ತೆ.

ಪೆಡಲ್ ಫ್ರೀ ಪ್ಲೇ, ಅಂದ್ರೆ ಕ್ಲಚ್ ಹಿಡಿಯೋ ಮೊದಲು ಪೆಡಲ್ ಸಡಿಲವಾಗಿ ಹೋಗೋ ದೂರ, ಸುಮಾರು ಒಂದು ಇಂಚು, 20ರಿಂದ 25 ಮಿಲಿಮೀಟರ್. ಮ್ಯಾನ್ಯುಯಲ್ ಬೇರೆ ಹೇಳಿದ್ರೆ ಅದೇ ಸರಿ. ಪ್ಲೇಟು ಸವೆದಂತೆ ಇದು ಕಡಿಮೆಯಾಗ್ತಾ ಬರುತ್ತೆ, ಆಗಾಗ ನೋಡ್ಕೊಳ್ಳಿ.

ಇನ್ನು ಮಳೆಗಾಲವಿಡೀ ನಿಂತ ಜೀಪು, ಆಮೇಲೆ ಗೇರೇ ಬೀಳ್ತಿಲ್ಲ ಅಂತಾದ್ರೆ ಗೇರ್‌ಬಾಕ್ಸ್ ಇಳಿಸೋಕೆ ಅವಸರ ಮಾಡಬೇಡಿ. ತೇವಕ್ಕೆ ಪ್ಲೇಟು ಫ್ಲೈವೀಲಿಗೆ ತುಕ್ಕಿನಲ್ಲಿ ಅಂಟಿರುತ್ತೆ. ಎಂಜಿನ್ ಬಿಸಿ ಮಾಡಿ ಆಫ್ ಮಾಡಿ. ಎದುರು ಖಾಲಿ ಗದ್ದೆಯೋ ಮೈದಾನವೋ ಇರಲಿ, ಯಾರೂ ನಿಂತಿರಬಾರದು. ಲೋ ರೇಂಜಿನ (ನಿಧಾನಕ್ಕೆ ಓಡಿಸೋ ಲಿವರ್ ಸ್ಥಾನದ) ಮೊದಲ ಗೇರಿಗೆ ಹಾಕಿ, ಕ್ಲಚ್ ತುಳಿದೇ ಸ್ಟಾರ್ಟ್ ಮಾಡಿ. ಗಾಡಿ ಹೊರಡುತ್ತೆ. ಕ್ಲಚ್ ಬಿಡದೆ ಆಕ್ಸಿಲರೇಟರ್ ಒತ್ತಿ, ಬಿಡಿ, ಮಧ್ಯೆ ಬ್ರೇಕ್ ಚುಟುಕಾಗಿ ಒತ್ತಿ. ಹೆಚ್ಚಿನ ಸಲ ಟಕ್ ಅಂತ ಬಿಟ್ಕೊಳ್ಳುತ್ತೆ. ಬಿಡಲಿಲ್ಲ ಅಂದ್ರೆ ಆಗ ಸ್ಪ್ಯಾನರ್ ಹಿಡೀರಿ.