ಅಥಣಿಯಿಂದ ಜರ್ಮನಿಗೆ: ವೀಸಾ ಫೈಲ್ ಮನೆಯ ಪಡಸಾಲೆಯಲ್ಲೇ ಶುರುವಾಗುತ್ತದೆ

ಎಲ್ಲರಿಗೂ ನಮಸ್ಕಾರ. ಈಗ ನೀವು ನೋಡುತ್ತಿರುವುದು ಅಥಣಿಯಲ್ಲಿರುವ ನಮ್ಮ ಚಿಕ್ಕಪ್ಪನ ಮನೆ. ಜಮಖಾನದ ಮೇಲೆ ಹರಡಿರುವುದೆಲ್ಲ ಅವರ ಮತ್ತು ಚಿಕ್ಕಮ್ಮನ ಕಾಗದಪತ್ರ. ಆಧಾರ್, ಪ್ಯಾನ್, ವೋಟರ್ ಐಡಿ, ಪಾಸ್‌ಬುಕ್, ಹೊಲದ ಉತಾರ (ಪಹಣಿ), ಫ್ಯಾಕ್ಟರಿಯ ಕಬ್ಬಿನ ಬಿಲ್. ಮಗಳು-ಅಳಿಯ ಜರ್ಮನಿಯಲ್ಲಿದ್ದಾರೆ. ಇಬ್ಬರೂ ಹೋಗಿ ಒಂದು ತಿಂಗಳು ಇದ್ದು ಬರಬೇಕು ಅಂತ ಆಸೆ.

"ಪಾಸ್‌ಪೋರ್ಟ್ ಕೈಯಾಗ ಬಂತಂದ್ರ ಮುಗೀತಲ್ಲ?" ಅಂತ ಚಿಕ್ಕಪ್ಪ ಕೇಳಿದರು. ನಮ್ಮ ಕಡೆ ಬಹಳ ಜನ ಹೀಗೇ ಅಂದುಕೊಂಡಿದ್ದಾರೆ. ಪಾಸ್‌ಪೋರ್ಟ್ ಅಂದರೆ ನೀವು ಯಾರು ಅಂತ ನಮ್ಮ ಸರ್ಕಾರ ಹೇಳುವ ಮಾತು. ವೀಸಾ ಅಂದರೆ ನಮ್ಮ ದೇಶಕ್ಕೆ ಬನ್ನಿ ಅಂತ ಆ ದೇಶ ಕೊಡುವ ಒಪ್ಪಿಗೆ. ಒಪ್ಪಿಗೆ ಕೊಡುವ ಅಧಿಕಾರಿ ನಿಮ್ಮ ಮನೆ ನೋಡಿಲ್ಲ, ಹೊಲ ನೋಡಿಲ್ಲ, ಊರಲ್ಲಿ ನಿಮಗಿರುವ ಮರ್ಯಾದೆ ಗೊತ್ತಿಲ್ಲ. ಅವರ ಮುಂದೆ ಇರುವುದು ಒಂದು ಫೈಲ್ ಮಾತ್ರ. ಆ ಫೈಲಿನ ಎಲ್ಲ ಕಾಗದವೂ ಒಂದೇ ಮಾತು ಹೇಳಬೇಕು. ಬ್ಯಾಂಕಿನಲ್ಲಿ ಎಷ್ಟು ದುಡ್ಡಿದೆ ಅನ್ನುವುದಕ್ಕಿಂತ ಇದು ಮುಖ್ಯ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಮೊದಲು ಹೆಸರು. ಇದೊಂದರಲ್ಲೇ ನಮ್ಮ ಭಾಗದ ಹಿರಿಯರಿಗೆ ಎಷ್ಟು ತೊಂದರೆಯಾಗುತ್ತದೆ ನೋಡಿ. ಕ್ಯಾಮೆರಾ ಹತ್ತಿರ ತರುತ್ತೇನೆ. ಚಿಕ್ಕಮ್ಮನ ಆಧಾರ್‌ನಲ್ಲಿ ಬರೀ ಅವರ ಹೆಸರಿದೆ. ಪ್ಯಾನ್‌ನಲ್ಲಿ ಗಂಡನ ಹೆಸರು ಸೇರಿದೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅಡ್ಡಹೆಸರೂ, ಅಂದರೆ ಸರ್‌ನೇಮ್ ಕೂಡ ಇದೆ, ಆದರೆ ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ ಒಂದು ಅಕ್ಷರ ಜಾಸ್ತಿ. ನಮಗೆ ಇದು ಯಾವತ್ತೂ ತೊಡಕಾಗಿಲ್ಲ. ಊರಲ್ಲಿ ಎಲ್ಲರಿಗೂ ಗೊತ್ತಿರುವ ಮನುಷ್ಯರು, ಅಲ್ವಾ? ಆದರೆ ಪರದೇಶದ ಕಂಪ್ಯೂಟರಿಗೆ ಇವರು ಮೂರು ಬೇರೆ ಬೇರೆ ಹೆಂಗಸರು.

ಪಾಸ್‌ಪೋರ್ಟ್ ಅರ್ಜಿಯಲ್ಲಿ ಹೆಸರಿಗೆ ಒಂದು ಕಾಲಂ, ಅಡ್ಡಹೆಸರಿಗೆ ಇನ್ನೊಂದು ಕಾಲಂ ಇರುತ್ತದೆ. ಅಡ್ಡಹೆಸರು ಖಾಲಿ ಬಿಟ್ಟರೂ ನಮ್ಮಲ್ಲಿ ಪಾಸ್‌ಪೋರ್ಟ್ ಬರುತ್ತದೆ. ತೊಂದರೆ ಶುರುವಾಗುವುದು ಆಮೇಲೆ. 2022ರ ನವೆಂಬರ್‌ನಲ್ಲಿ ಯುಎಇ, ಅಂದರೆ ದುಬೈ-ಅಬುಧಾಬಿ ಇರುವ ದೇಶ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಪ್ರವಾಸಿಗರನ್ನು ಒಳಗೆ ಬಿಡುವುದಿಲ್ಲ ಅಂತ ನಿಯಮ ತಂದಿತು. ಹಾಗಾಗಿ ಪಾಸ್‌ಪೋರ್ಟ್ ಮಾಡಿಸುವ ಮುಂಚೆಯೇ ಆಧಾರ್ ಸರಿ ಮಾಡಿಸಿ. ಪೂರ್ತಿ ಹೆಸರು, ಅಡ್ಡಹೆಸರು, ಒಂದೇ ಸ್ಪೆಲಿಂಗ್. ಆಮೇಲೆ ಅದಕ್ಕೆ ಹೊಂದುವಂತೆ ಪ್ಯಾನ್, ಆಮೇಲೆ ಬ್ಯಾಂಕ್. ಈ ಕೆಲಸಕ್ಕೆ ವಾರಗಳೇ ಹಿಡಿಯಬಹುದು. ಟಿಕೆಟ್ ಬುಕ್ ಮಾಡಿ ಆಮೇಲೆ ಇದಕ್ಕೆ ಕೂತರೆ ಮನೆಯವರಿಗೆಲ್ಲ ಸುಮ್ನೆ ನಿದ್ದೆಗೇಡು.

ಹೆಸರಿನ ಜೊತೆ ಹುಟ್ಟಿದ ತಾರೀಖನ್ನೂ ನೋಡಿ. ನಮ್ಮಲ್ಲಿ ಎಷ್ಟೋ ಜನರ ಹುಟ್ಟುಹಬ್ಬ ಜೂನ್ 1. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರು ಬರೆದುಕೊಂಡ ತಾರೀಖು ಅದು. ಅದೇ ಇದ್ದರೂ ತೊಂದರೆಯಿಲ್ಲ, ಆದರೆ ಎಲ್ಲ ಕಡೆ ಅದೇ ಇರಬೇಕು. ಕೆಲವು ಹಿರಿಯರ ಆಧಾರ್‌ನಲ್ಲಿ ಬರೀ ಹುಟ್ಟಿದ ಇಸವಿ ಇರುತ್ತದೆ. ಅದು ಸಾಲುವುದಿಲ್ಲ, ಪೂರ್ತಿ ತಾರೀಖು ಬೇಕು. ಮೊಮ್ಮಕ್ಕಳನ್ನು ಕರೆದುಕೊಂಡು ಹೋಗುವವರು ಇದನ್ನೂ ಗಮನಿಸಿ: 2023ರ ಅಕ್ಟೋಬರ್ 1 ಮತ್ತು ಆಮೇಲೆ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರ ಬಿಟ್ಟು ಬೇರೆ ಯಾವುದೂ ವಯಸ್ಸಿನ ದಾಖಲೆಯಾಗಿ ನಡೆಯುವುದಿಲ್ಲ.

ಪಾಸ್‌ಪೋರ್ಟ್ ಕೆಲಸ ಈಗ ಸುಲಭ. ಬೆಳಗಾವಿಯಲ್ಲೇ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ, ಹುಬ್ಬಳ್ಳಿಯಲ್ಲೂ ಕೇಂದ್ರ ಇದೆ. 36 ಪುಟದ ಸಾಮಾನ್ಯ ಪಾಸ್‌ಪೋರ್ಟಿಗೆ 1500 ರೂಪಾಯಿ. 60 ದಾಟಿದವರ ಹೊಸ ಪಾಸ್‌ಪೋರ್ಟಿಗೆ ಶೇ 10 ರಿಯಾಯಿತಿ ಉಂಟು. ತತ್ಕಾಲ್ ಬೇಕಾದರೆ ಮೇಲೆ ಇನ್ನೂ 2000. ಹತ್ತನೇ ಕ್ಲಾಸ್ ಪಾಸಾಗದವರ ಪಾಸ್‌ಪೋರ್ಟಿನ ಮೇಲೆ ಇಸಿಆರ್, ಅಂದರೆ ವಲಸೆ ಹೋಗಲು ಸರ್ಕಾರದ ಪರವಾನಗಿ ಬೇಕು ಅನ್ನುವ ಗುರುತು, ಬೀಳುತ್ತದೆ ಅಂತ ಹಲವರು ಹೆದರುತ್ತಾರೆ. ಅದು ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವವರಿಗೆ ಸಂಬಂಧಿಸಿದ್ದು. ನೋಡಿಕೊಂಡು ಬರಲು ಹೋಗುವವರಿಗೆ ಅಡ್ಡಿಯಲ್ಲ.

ಹಳೇ ಪಾಸ್‌ಪೋರ್ಟ್ ಇರುವವರು ಮುಗಿಯುವ ತಾರೀಖು ನೋಡಿ. ಥಾಯ್ಲೆಂಡ್, ಸಿಂಗಪುರ, ಮಲೇಷ್ಯಾ, ಇಂಡೋನೇಷ್ಯಾ, ದುಬೈ, ಇವಕ್ಕೆಲ್ಲ ಪಾಸ್‌ಪೋರ್ಟಿನಲ್ಲಿ ಇನ್ನೂ ಆರು ತಿಂಗಳು ಬಾಕಿ ಇರಬೇಕು. ಒಂದೇ ವೀಸಾದ ಮೇಲೆ ತಿರುಗಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳಿಗೆ, ಅಲ್ಲಿಂದ ಹೊರಡುವ ದಿನದ ನಂತರವೂ ಕನಿಷ್ಠ ಮೂರು ತಿಂಗಳು ಇರಬೇಕು. ಎರಡು ಖಾಲಿ ಪುಟವೂ ಬೇಕು.

ಎಲ್ಲ ದೇಶಕ್ಕೂ ದೊಡ್ಡ ಫೈಲ್ ಬೇಕಿಲ್ಲ. ನೇಪಾಳಕ್ಕೆ ನಮಗೆ ವೀಸಾನೇ ಇಲ್ಲ. ವಿಮಾನದಲ್ಲಿ ಹೋದರೆ ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ ಸಾಕು. ಭೂತಾನಕ್ಕೂ ಈ ಎರಡರಲ್ಲಿ ಒಂದು ನಡೆಯುತ್ತದೆ, ಆದರೆ ಪರ್ಮಿಟ್ ತೆಗೆಯಬೇಕು, ಒಬ್ಬರಿಗೆ ರಾತ್ರಿಗೆ 1200 ರೂಪಾಯಿ ಶುಲ್ಕ ಕಟ್ಟಬೇಕು. ಮಲೇಷ್ಯಾ 2023ರ ಡಿಸೆಂಬರ್‌ನಿಂದ ನಮ್ಮವರಿಗೆ 30 ದಿನ ವೀಸಾ ಇಲ್ಲದೆ ಬಿಡುತ್ತಿದೆ. ವಿಯೆಟ್ನಾಂ ಇ-ವೀಸಾ ಮನೆಯಲ್ಲೇ ಕೂತು ಮಾಡಬಹುದು. ಒಂದು ಸಲ ಹೋಗಿ ಬರುವುದಕ್ಕೆ 25 ಡಾಲರ್. ಬಾಲಿಗೆ ಇಳಿದ ಮೇಲೂ ವೀಸಾ ಸಿಗುತ್ತದೆ.

ವೀಸಾ ಬೇಡ ಅಂದರೆ ಏನೂ ಬೇಡ ಅಂತ ಅಲ್ಲ. ಥಾಯ್ಲೆಂಡ್ 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯ ಮಾಡಿದೆ. ಇಳಿಯುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಮಲೇಷ್ಯಾ, ಸಿಂಗಪುರದಲ್ಲೂ ಇಂಥದ್ದೇ ಇದೆ. ಮೂರೂ ಉಚಿತ. ಗೂಗಲ್‌ನಲ್ಲಿ ಹುಡುಕಿದಾಗ ಮೇಲುಗಡೆ ಬರುವ ಕೆಲವು ಸೈಟುಗಳು ಇದಕ್ಕೇ ದುಡ್ಡು ಕೇಳುತ್ತವೆ. ದುಡ್ಡು ಕೇಳಿದರೆ ಅಲ್ಲೇ ನಿಲ್ಲಿಸಿ, ಆ ದೇಶದ ಸರ್ಕಾರದ ಸೈಟ್ ಹುಡುಕಿ. ಈ ನಿಯಮಗಳೆಲ್ಲ ಬೇಗ ಬದಲಾಗುತ್ತವೆ. ಪಕ್ಕದ ಮನೆಯವರು ಹೋದ ವರ್ಷ ಹೋಗಿ ಬಂದರು ಅಂತ ಅವರ ಮಾತಿನ ಮೇಲೆ ಹೊರಡಬೇಡಿ. ಹೊರಡುವ ವಾರ ಇನ್ನೊಮ್ಮೆ ನೋಡಿ.

ಇನ್ನು ಜರ್ಮನಿ. ಅದು ಷೆಂಗೆನ್ ಗುಂಪಿನ ದೇಶ. ಈಗ ಅದರಲ್ಲಿ 29 ದೇಶಗಳಿವೆ. ಒಂದು ವೀಸಾ ತೆಗೆದರೆ ಸಾಮಾನ್ಯವಾಗಿ ಎಲ್ಲ ಕಡೆ ತಿರುಗಾಡಬಹುದು, ಯಾವುದೇ 180 ದಿನದಲ್ಲಿ 90 ದಿನದವರೆಗೆ. ಲಂಡನ್‌ ಇದರಲ್ಲಿ ಬರುವುದಿಲ್ಲ, ಅದಕ್ಕೆ ಬೇರೆ ವೀಸಾ. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ದೊಡ್ಡವರಿಗೆ ಶುಲ್ಕ 90 ಯೂರೋ, ಅರ್ಜಿ ತೆಗೆದುಕೊಳ್ಳುವ ವೀಸಾ ಸೆಂಟರ್‌ನ ಸೇವಾ ಶುಲ್ಕ ಬೇರೆ. ವೀಸಾ ಕೊಡದಿದ್ದರೂ ಈ ದುಡ್ಡು ವಾಪಸ್ ಬರುವುದಿಲ್ಲ. ಹೊರಡುವ ಆರು ತಿಂಗಳ ಮುಂಚೆಯಿಂದ ಅರ್ಜಿ ಹಾಕಬಹುದು. ಕೊನೆಯ 15 ದಿನದೊಳಗೆ ಹಾಕುವ ಹಾಗಿಲ್ಲ. ಬೇಸಿಗೆ ರಜೆಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ.

ಬೆರಳಚ್ಚು ಕೊಡಲು ಖುದ್ದಾಗಿ ಹೋಗಬೇಕು. ನಮ್ಮ ಜಿಲ್ಲೆಯಲ್ಲಿ ವೀಸಾ ಸೆಂಟರ್ ಇಲ್ಲ. ಬೆಂಗಳೂರು ಅಂದರೆ ರಾತ್ರಿ ಪೂರ್ತಿ ಬಸ್ಸು. ಚೋರ್ಲಾ ಘಾಟ್ ಇಳಿದರೆ ಪಣಜಿ ಹತ್ತಿರ. ಪುಣೆಯೂ ಇದೆ. ನಿಮ್ಮ ದೇಶದ ಅರ್ಜಿ ಎಲ್ಲಿ ತೆಗೆದುಕೊಳ್ಳುತ್ತಾರೆ ಅಂತ ಮೊದಲು ನೋಡಿ, ಹಿರಿಯರನ್ನು ಅಷ್ಟು ದೂರ ಅಲೆಸುವುದು ತಪ್ಪುತ್ತದೆ. ಒಮ್ಮೆ ಕೊಟ್ಟ ಬೆರಳಚ್ಚು 59 ತಿಂಗಳು ನಡೆಯುತ್ತದೆ.

ಈಗ ಈ ವಿಡಿಯೋದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯ. ವೀಸಾ ಬಗ್ಗೆ ಇರುವ ಹೆಚ್ಚಿನ ವಿಡಿಯೋಗಳು ನೌಕರಿ ಇರುವವರಿಗಾಗಿ ಮಾಡಿದ್ದು. ಸಂಬಳದ ಚೀಟಿ ಇಡಿ, ಆಫೀಸಿನ ರಜೆ ಪತ್ರ ಇಡಿ, ಮೂರು ವರ್ಷದ ಐಟಿ ರಿಟರ್ನ್ಸ್ ಇಡಿ ಅನ್ನುತ್ತಾರೆ. ರೈತ ಎಲ್ಲಿಂದ ತರಬೇಕು? ಒಕ್ಕಲುತನದ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ, ಹಾಗಾಗಿ ಎಷ್ಟೋ ಮಂದಿ ರಿಟರ್ನ್ಸ್ ಹಾಕಿಯೇ ಇರುವುದಿಲ್ಲ. ಅದರರ್ಥ ಅವರ ಹತ್ತಿರ ತೋರಿಸಲು ಏನೂ ಇಲ್ಲ ಅಂತಲ್ಲ. ಬೇಕಾದಷ್ಟಿದೆ. ಅದನ್ನು ಅಧಿಕಾರಿಗೆ ತಿಳಿಯುವ ಹಾಗೆ ಜೋಡಿಸಬೇಕು, ಅಷ್ಟೇ.

ಚಿಕ್ಕಪ್ಪನ ಪಾಸ್‌ಬುಕ್ ನೋಡಿ. ತಿಂಗಳುಗಟ್ಟಲೆ ಸಣ್ಣ ಸಣ್ಣ ಮೊತ್ತ. ಗೊಬ್ಬರದ ಅಂಗಡಿಗೆ, ಆಳುಗಳಿಗೆ ಹೋದ ದುಡ್ಡು. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ದೊಡ್ಡ ಮೊತ್ತ ಜಮೆ. ಕಬ್ಬಿನ ಬಿಲ್ ಆದರೆ ಫ್ಯಾಕ್ಟರಿಯ ಹೆಸರಿನಲ್ಲೇ ಬಂದಿರುತ್ತದೆ, ನೋಡಿದವರಿಗೆ ತಿಳಿಯುತ್ತದೆ. ಒಣದ್ರಾಕ್ಷಿಯದ್ದು ಹಾಗಲ್ಲ. ಫೆಬ್ರವರಿ-ಮಾರ್ಚ್‌ನಲ್ಲಿ ದ್ರಾಕ್ಷಿ ಕೊಯ್ದು, ಶೆಡ್ಡಿನಲ್ಲಿ ಒಣಗಿಸಿ, ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟು, ರೇಟ್ ಬಂದಾಗ ಮಾರುತ್ತಾರೆ. ದುಡ್ಡು ಬರುವುದು ಎಷ್ಟೋ ತಿಂಗಳ ಮೇಲೆ, ಒಟ್ಟಿಗೆ. ಪರದೇಶದ ಅಧಿಕಾರಿ ಇದನ್ನು ನೋಡಿದರೆ ಏನು ಅಂದುಕೊಳ್ಳುತ್ತಾರೆ? ವೀಸಾಕ್ಕಾಗಿ ಯಾರದೋ ದುಡ್ಡು ತಂದು ಹಾಕಿದ್ದಾರೆ ಅಂತ. ಪ್ರಾಮಾಣಿಕವಾಗಿ ದುಡಿದ ದುಡ್ಡಿನ ಮೇಲೆ ಈ ಅನುಮಾನ ಬರುವುದು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಅದಕ್ಕೇ ಪ್ರತಿ ದೊಡ್ಡ ಜಮೆಗೂ ಒಂದು ಕಾಗದ ಇಡಿ. ದಲಾಲಿ ಅಂಗಡಿಯವರು ಕೊಡುವ ಪಟ್ಟಿ ಇದೆಯಲ್ಲ, ಎಷ್ಟು ಬಾಕ್ಸ್, ಎಷ್ಟು ಕಿಲೋ, ಏನು ರೇಟ್, ಹಮಾಲಿ ಕಳೆದು ಕೈಗೆ ಎಷ್ಟು ಅಂತ ಬರೆದಿರುತ್ತಾರೆ. ಅದನ್ನು ಜೋಪಾನ ಮಾಡಿ. ಪಟ್ಟಿಯ ಕೊನೆಯ ಮೊತ್ತವೂ ಬ್ಯಾಂಕಿಗೆ ಬಂದ ಮೊತ್ತವೂ ಒಂದೇ ಇದ್ದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಸ್ಟೇಟ್‌ಮೆಂಟಿನಲ್ಲಿ ಆ ಸಾಲಿನ ಪಕ್ಕ ಪೆನ್ಸಿಲ್‌ನಿಂದ ನಂಬರ್ ಹಾಕಿ, ಪಟ್ಟಿಯ ಮೇಲೂ ಅದೇ ನಂಬರ್ ಹಾಕಿ. ನಾವು ಹಾಗೇ ಮಾಡಿದ್ದೇವೆ, ನೋಡಿ.

ಉತಾರ ಕನ್ನಡದಲ್ಲಿರುತ್ತದೆ, ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಮಾಡಿಸಿಡಿ. ಅಣ್ಣತಮ್ಮಂದಿರ ಜಂಟಿ ಉತಾರ ಆದರೆ ನಿಮ್ಮ ಪಾಲು ಎಷ್ಟು ಅಂತ ಅರ್ಜಿಯ ಜೊತೆ ಇಡುವ ಕವರ್ ಲೆಟರ್‌ನಲ್ಲಿ ಬರೆಯಿರಿ. ಉತಾರದಲ್ಲಿ ಹೆಸರಿನ ಮುಂದೆ ತಂದೆ ಹೆಸರಿದ್ದು, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿದ್ದರೆ ಇಬ್ಬರೂ ಒಬ್ಬರೇ ಅಂತ ಒಂದು ಅಫಿಡವಿಟ್ ಇಡಿ. ಈ ಹೊಲ ಬರೀ ಆಸ್ತಿಯಲ್ಲ, ನೀವು ಊರಿಗೆ ವಾಪಸ್ ಬಂದೇ ಬರುತ್ತೀರಿ ಅನ್ನುವುದಕ್ಕೆ ಆಧಾರ. ವೀಸಾ ನಿರಾಕರಣೆಯಲ್ಲಿ ಆಗಾಗ ಕಾಣುವ ಕಾರಣವೇ ವಾಪಸ್ ಹೋಗುತ್ತಾರೆ ಅಂತ ನಂಬಿಕೆ ಬರಲಿಲ್ಲ ಅನ್ನುವುದು. ಹಾಗಾಗಿ ಕವರ್ ಲೆಟರ್‌ನಲ್ಲಿ ಸರಳವಾಗಿ ಬರೆಯಿರಿ. ಇಂಥ ತಿಂಗಳು ಕೆಲಸ ಕಡಿಮೆ, ಆಗ ಹೋಗುತ್ತೇವೆ. ಅಕ್ಟೋಬರ್‌ನಲ್ಲಿ ದ್ರಾಕ್ಷಿ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮಾಡಬೇಕು, ಅಷ್ಟರೊಳಗೆ ಬರುತ್ತೇವೆ. ಅಲ್ಲಿಯವರೆಗೆ ಹೊಲ ಇಂಥವರು ನೋಡಿಕೊಳ್ಳುತ್ತಾರೆ. ನಿಜ ಇದ್ದದ್ದನ್ನೇ ಬರೆಯಿರಿ.

ಮಗಳು-ಅಳಿಯ ಖರ್ಚು ನೋಡಿಕೊಳ್ಳುವುದಾದರೆ ಜರ್ಮನಿಯಲ್ಲಿ ಬಾಯಿಮಾತಿನ ಪತ್ರಕ್ಕಿಂತ ಗಟ್ಟಿಯಾದ ವ್ಯವಸ್ಥೆ ಇದೆ. ಅಲ್ಲಿಯ ವಿದೇಶಿಯರ ಕಚೇರಿಗೆ ಹೋಗಿ, ಇವರ ಖರ್ಚೆಲ್ಲ ನಮ್ಮ ಹೊಣೆ ಅಂತ ಅಧಿಕಾರಿಗಳ ಮುಂದೆ ಸಹಿ ಮಾಡಬೇಕು. 29 ಯೂರೋ ಶುಲ್ಕ. ಆ ಹೊಣೆ ಪತ್ರದ ಮೂಲ ಪ್ರತಿಯನ್ನು ಇಲ್ಲಿಗೆ ಕೊರಿಯರ್ ಮಾಡಬೇಕು, ಬರೀ ವಾಟ್ಸಾಪ್ ಫೋಟೋ ಸಾಲದು. ಆರು ತಿಂಗಳೊಳಗೆ ಅದನ್ನು ವೀಸಾ ಅರ್ಜಿಗೆ ಬಳಸಬೇಕು. ಇದರ ಜೊತೆ 30,000 ಯೂರೋಗೆ ಕಡಿಮೆಯಿಲ್ಲದ ಪ್ರವಾಸ ವಿಮೆ ಕಡ್ಡಾಯ. ಹಿರಿಯರಿಗೆ ವಿಮೆ ಮಾಡಿಸುವಾಗ ಬಿಪಿ, ಶುಗರ್ ಮುಚ್ಚಿಡಬೇಡಿ. ಅಲ್ಲಿ ಆಸ್ಪತ್ರೆ ಖರ್ಚು ನಾವು ಊಹಿಸುವ ಹಾಗಿಲ್ಲ.

ಗ್ಯಾರಂಟಿ ವೀಸಾ ಮಾಡಿಸಿಕೊಡುತ್ತೇವೆ, ಅಕೌಂಟಿಗೆ ಹದಿನೈದು ದಿನ ದುಡ್ಡು ಹಾಕಿ ತೆಗೆಯುತ್ತೇವೆ ಅನ್ನುವ ಏಜೆಂಟರು ಸಿಗುತ್ತಾರೆ. ದಯವಿಟ್ಟು ಅಂಥವರ ಹತ್ತಿರ ಹೋಗಬೇಡಿ. ಸುಳ್ಳು ಕಾಗದ ಸಿಕ್ಕಿಬಿದ್ದರೆ ಮುಂದಿನ ಅರ್ಜಿಗಳ ಮೇಲೂ ಅದರ ನೆರಳು ಬೀಳುತ್ತದೆ. ಮೊದಲು ಜರ್ಮನಿ ವೀಸಾ ಕೊಡದಿದ್ದರೆ ಪುಕ್ಕಟೆ ಮೇಲ್ಮನವಿ ಹಾಕಬಹುದಿತ್ತು. 2025ರ ಜುಲೈ 1ರಿಂದ ಅದನ್ನು ನಿಲ್ಲಿಸಿದ್ದಾರೆ. ಈಗ ಹೊಸ ಅರ್ಜಿ, ಇಲ್ಲವೇ ಅಲ್ಲಿಯ ಕೋರ್ಟು. ಅದಕ್ಕೇ ಮೊದಲ ಫೈಲೇ ನೆಟ್ಟಗಿರಲಿ.

ಬ್ಯಾಗಿನ ವಿಷಯಕ್ಕೆ ಬರೋಣ. ಚಿಕ್ಕಮ್ಮ ಮಗಳಿಗೆ ಬೆಳಗಾವಿ ಕುಂದಾ ಒಯ್ಯಬೇಕು ಅಂತಿದ್ದಾರೆ. ಬೇರೆ ದೇಶದಿಂದ ಯುರೋಪಿಗೆ ಹಾಲಿನ ಮತ್ತು ಮಾಂಸದ ಪದಾರ್ಥ ಒಯ್ಯುವಂತಿಲ್ಲ. ಕುಂದಾ ಅಂದರೆ ಹಾಲೇ, ಹಾಗಾಗಿ ಬೇಡ ಅಂದೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಕೊಡುತ್ತೇವೆ. ದುಬೈ ಅಥವಾ ಸಿಂಗಪುರಕ್ಕೆ ಹೋಗುವವರು ಗಸಗಸೆ ಮುಟ್ಟಲೇಬೇಡಿ. ಅಲ್ಲಿ ಅದು ನಿಷೇಧಿತ ವಸ್ತು. ಕರದಂಟಿಗೆ ಕೆಲವರು ಗಸಗಸೆ ಹಾಕುತ್ತಾರೆ, ಅಂಗಡಿಯಲ್ಲಿ ಕೇಳಿಯೇ ಕೊಳ್ಳಿ.

ವೀಸಾ ಬಂದ ಮೇಲೆ ಪಾಸ್‌ಪೋರ್ಟ್ ಬಿಚ್ಚಿ ಸ್ಟಿಕ್ಕರ್ ಓದಿ. ಹೆಸರು, ಪಾಸ್‌ಪೋರ್ಟ್ ನಂಬರ್ ಸರಿ ಇದೆಯಾ ನೋಡಿ. ತಪ್ಪಿದ್ದರೆ ತಕ್ಷಣ ಹೇಳಿ ಸರಿ ಮಾಡಿಸಬೇಕು. ಅದರಲ್ಲಿ ಎರಡು ತಾರೀಖು ಇರುತ್ತವೆ, ಪಕ್ಕದಲ್ಲಿ ದಿನಗಳ ಸಂಖ್ಯೆ ಬೇರೆ ಇರುತ್ತದೆ. ಎರಡು ತಾರೀಖಿನ ನಡುವೆ 45 ದಿನ ಇದ್ದು, ದಿನಗಳ ಸಂಖ್ಯೆ 30 ಅಂತಿದ್ದರೆ ನೀವು ಇರಬಹುದಾದದ್ದು 30 ದಿನ ಮಾತ್ರ. ಇಳಿದ ದಿನವೂ ಲೆಕ್ಕ, ಹೊರಟ ದಿನವೂ ಲೆಕ್ಕ. ಎಂಟ್ರಿ 01 ಅಂತಿದ್ದರೆ ಮಧ್ಯದಲ್ಲಿ ಲಂಡನ್ ನೋಡಿಕೊಂಡು ಮತ್ತೆ ಜರ್ಮನಿಗೆ ಬರುವ ಹಾಗಿಲ್ಲ.

ಇಮಿಗ್ರೇಷನ್ ಕೌಂಟರ್‌ನಲ್ಲಿ ಎಲ್ಲಿ ಇರುತ್ತೀರಿ, ಎಷ್ಟು ದಿನ, ವಾಪಸ್ ಯಾವಾಗ ಅಂತ ಕೇಳಬಹುದು. ಮಗಳ ವಿಳಾಸ, ಫೋನ್ ನಂಬರ್, ವಾಪಸ್ ಟಿಕೆಟ್, ವಿಮೆ, ಹೊಣೆ ಪತ್ರದ ಪ್ರತಿ, ಎಲ್ಲ ಒಂದೇ ಪಾರದರ್ಶಕ ಫೋಲ್ಡರ್‌ನಲ್ಲಿಟ್ಟು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಲಗೇಜಿಗೆ ಹಾಕಿದರೆ ಕೌಂಟರ್‌ನಲ್ಲಿ ಕೈಗೆ ಸಿಗುವುದಿಲ್ಲ. ಚಿಕ್ಕಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಅದಕ್ಕೆ ಒಂದು ಹಾಳೆಯ ಮೇಲೆ ಈ ಉತ್ತರಗಳನ್ನೆಲ್ಲ ಇಂಗ್ಲಿಷ್ ಮತ್ತು ಜರ್ಮನ್‌ನಲ್ಲಿ ಬರೆದು ಕಳಿಸು ಅಂತ ಮಗಳಿಗೆ ಹೇಳಿದ್ದೇವೆ. ಅವಳು ನಿನ್ನೆ ಕಳಿಸಿದ್ದಾಳೆ. ಎರಡು ಪ್ರಿಂಟ್ ತೆಗೆಸಬೇಕು, ಇಬ್ಬರ ಕೈಚೀಲದಲ್ಲೂ ಒಂದೊಂದು ಇರಲಿ ಅಂತ.